ಒಂದೇ ಬಡಾವಣೆಗೆ ಕೆಲವು ಸೈಟ್ ತೆರೆಯುತ್ತಿಲ್ಲ, ಟ್ರೇಸ್‌ರೂಟ್ ಮಾತ್ರ ಸರಿಯಿದೆ [ಸರಿಯಾಯಿತು]

ತೆಂಗಿನಸೀಮೆ_ಫೈಬರ್:
ನಮಸ್ಕಾರ. ನಮ್ಮದು ತಿಪಟೂರು ಕಡೆಯ ಚಿಕ್ಕ ಐಎಸ್‌ಪಿ (ಇಂಟರ್‌ನೆಟ್ ಕೊಡುವ ಕಂಪನಿ). ಸ್ವಂತ ಎಎಸ್ ನಂಬರ್ (ಇಂಟರ್‌ನೆಟ್‌ನಲ್ಲಿ ನಮ್ಮ ನೆಟ್‌ವರ್ಕ್‌ನ ಗುರುತು ಸಂಖ್ಯೆ) ಇದೆ, ಒಂದು /22 (1024 ಐಪಿ ವಿಳಾಸಗಳ ಗುಂಪು) ಇದೆ. ಬೆಂಗಳೂರಿನಲ್ಲಿ ಒಂದು ಟ್ರಾನ್ಸಿಟ್ (ಇಡೀ ಇಂಟರ್‌ನೆಟ್‌ಗೆ ದಾರಿ ಕೊಡುವ ದೊಡ್ಡ ಕಂಪನಿಯ ಲಿಂಕ್), ಒಂದು ಎಕ್ಸ್‌ಚೇಂಜ್ ಪೋರ್ಟ್ (ನೆಟ್‌ವರ್ಕ್‌ಗಳು ಒಂದಕ್ಕೊಂದು ನೇರವಾಗಿ ಸೇರುವ ಜಾಗದ ಲಿಂಕ್). ಲೋಕಲ್ ಪ್ರಿಫರೆನ್ಸ್ (ಹೊರಹೋಗುವ ದಾರಿಯ ಆದ್ಯತೆ, ಹೆಚ್ಚಿದ್ದದ್ದು ಗೆಲ್ಲುತ್ತದೆ) ಎಕ್ಸ್‌ಚೇಂಜ್‌ಗೆ 200, ಟ್ರಾನ್ಸಿಟ್‌ಗೆ 100.

ಹೋದ ಭಾನುವಾರದಿಂದ ಒಂದು ಬಡಾವಣೆಯವರಿಗೆ ಮಾತ್ರ ತೊಂದರೆ. ವಿಡಿಯೊ ಎಲ್ಲ ಚೆನ್ನಾಗಿ ಓಡುತ್ತದೆ. ಆದರೆ ಒಂದೆರಡು ಬ್ಯಾಂಕ್ ಸೈಟ್, ಒಂದು ಗೇಮ್ ಸರ್ವರ್ ತೆರೆಯುವುದೇ ಇಲ್ಲ. ಆ ಬಡಾವಣೆಗೆ ನ್ಯಾಟ್ (ಒಂದೇ ಐಪಿಯನ್ನು ಹಲವರಿಗೆ ಹಂಚುವುದು) ಇಲ್ಲ, ನೇರ ಪಬ್ಲಿಕ್ ಐಪಿ. ಎಕ್ಸ್‌ಚೇಂಜ್ ರೌಟರ್‌ನಿಂದ ಆ ಸೈಟ್‌ಗಳಿಗೆ ಪಿಂಗ್ (ಉತ್ತರ ಬರುತ್ತದೆಯೇ ಎಂಬ ಪರೀಕ್ಷೆ) ಹಾಕಿದರೆ 4 ಮಿಲಿಸೆಕೆಂಡ್, ಟ್ರೇಸ್‌ರೂಟ್ (ದಾರಿಯಲ್ಲಿ ಸಿಗುವ ರೌಟರ್‌ಗಳ ಪಟ್ಟಿ) ಕೂಡ ಚೊಕ್ಕ. ಗ್ರಾಹಕರು ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. ಎಲ್ಲಿ ನೋಡಲಿ?

ಡಿಎನ್‌ಎಸ್_ದಾಸ:
ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ ಗುರು. 1492 ಹಾಕಿ, ಎಂಎಸ್‌ಎಸ್ ಕ್ಲ್ಯಾಂಪ್ ಮಾಡಿ (ಡೇಟಾ ತುಂಡುಗಳನ್ನೂ ಅದಕ್ಕೆ ತಕ್ಕಂತೆ ಚಿಕ್ಕದು ಮಾಡಿ).

ತೆಂಗಿನಸೀಮೆ_ಫೈಬರ್:
ಮಾಡಿದೆ. ಏನೂ ಬದಲಾಗಲಿಲ್ಲ. ವಾಪಸ್ ದಾರಿ ತಪ್ಪಿದೆಯೇನೋ ಎಂದು ಟ್ರಾನ್ಸಿಟ್ ಕಡೆ 3 ಸಲ ಪ್ರಿಪೆಂಡ್ (ಆ ದಾರಿ ಉದ್ದ ಕಾಣಲೆಂದು ನಮ್ಮ ಎಎಸ್ ನಂಬರ್ ಮತ್ತೆ ಮತ್ತೆ ಸೇರಿಸುವುದು) ಕೂಡ ಹಾಕಿದೆ. ಅದೂ ಕೆಲಸ ಮಾಡಲಿಲ್ಲ.

ಹಳೇ_ರೌಟರ್:
ಎಂಟಿಯು ಆಗಿದ್ದರೆ ಕನೆಕ್ಷನ್ ಆಗಿ, ಆಮೇಲೆ ಪುಟ ನಿಲ್ಲುತ್ತಿತ್ತು. ನಿಮ್ಮದು ಕನೆಕ್ಷನ್ನೇ ಆಗುತ್ತಿಲ್ಲ ಅಲ್ವಾ?

ರೌಟರ್‌ನಿಂದ ಪಿಂಗ್ ಹಾಕುವಾಗ ಸೋರ್ಸ್ ವಿಳಾಸ (ಕಳಿಸುವವರ ಐಪಿ) ಯಾವುದು? ಸುಮ್ನೆ ಹಾಕಿದರೆ ಅದು ಎಕ್ಸ್‌ಚೇಂಜ್ ಪೋರ್ಟಿನ ಐಪಿಯನ್ನೇ ಹಾಕಿಕೊಂಡು ಹೋಗುತ್ತದೆ. ಉತ್ತರವೂ ಅದೇ ಪೋರ್ಟಿಗೆ ಬಂದುಬಿಡುತ್ತದೆ. ನಿಮ್ಮ ಗ್ರಾಹಕರ ಕಥೆಗೂ ಇದಕ್ಕೂ ಸಂಬಂಧವೇ ಇಲ್ಲ. ಇದರಲ್ಲಿ ನಾನೂ ಒಂದು ರಾತ್ರಿಯಿಡೀ ಮೋಸಹೋಗಿದ್ದೇನೆ. ಸೋರ್ಸ್ ಆಗಿ ಆ ಬಡಾವಣೆಯ ಪೂಲ್‌ನ (ಗ್ರಾಹಕರಿಗೆ ಹಂಚುವ ವಿಳಾಸಗಳ) ಐಪಿ ಕೊಟ್ಟು ಮತ್ತೆ ಹಾಕಿ. ಇನ್ನೊಂದು ಮಾತು: ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿ ಮಾತ್ರ. ಬರುವ ದಾರಿ ಬೇಕಾದರೆ ಆ ಕಡೆಯಿಂದಲೇ ನೋಡಬೇಕು. ಲುಕಿಂಗ್ ಗ್ಲಾಸ್ (ಬೇರೆ ನೆಟ್‌ವರ್ಕ್‌ಗೆ ಕಾಣುವ ರೂಟ್ ತೋರಿಸುವ ಪುಟ) ಇದ್ದರೆ ಅದರಲ್ಲಿ, ಇಲ್ಲದಿದ್ದರೆ ರೈಪ್ ಅಟ್ಲಾಸ್ ಪ್ರೋಬ್‌ನಿಂದ (ಬೇರೆ ಬೇರೆ ನೆಟ್‌ವರ್ಕ್‌ಗಳಲ್ಲಿ ಇಟ್ಟಿರುವ ಅಳತೆಯ ಪೆಟ್ಟಿಗೆ).

ಭಾನುವಾರ ಏನು ಬದಲಾಯಿಸಿದಿರಿ?

ತೆಂಗಿನಸೀಮೆ_ಫೈಬರ್:
ಪೂಲ್ ಐಪಿ ಕೊಟ್ಟರೆ ಪಿಂಗ್ ಸತ್ತೇಹೋಯಿತು! ಭಾನುವಾರ ಟ್ರಾನ್ಸಿಟ್ ಅನ್ನು ಹೊಸ ಮೈಕ್ರೋಟಿಕ್ ರೌಟರ್‌ಗೆ ಹಾಕಿದೆ. ಮೊದಲು ಎರಡೂ ಒಂದೇ ರೌಟರ್‌ನಲ್ಲಿದ್ದವು. ಆರ್‌ಪಿ-ಫಿಲ್ಟರ್ (ಪ್ಯಾಕೆಟ್ ಬರಬೇಕಾದ ದಾರಿಯಲ್ಲೇ ಬಂತೇ ಎಂದು ನೋಡುವ ತಪಾಸಣೆ) ಎರಡರಲ್ಲೂ ಆಫ್.

ಲುಕಿಂಗ್ ಗ್ಲಾಸ್‌ನಲ್ಲಿ ಒಂದು ವಿಚಿತ್ರ. ಒಂದು ಕಡೆ ನಮ್ಮ /22 ಎಕ್ಸ್‌ಚೇಂಜ್ ಮೂಲಕ ಕಾಣುತ್ತಿದೆ. ಇನ್ನೊಂದು ಕಡೆ /22 ಜೊತೆ ಒಂದು /24 (ಅದರೊಳಗಿನ 256 ವಿಳಾಸಗಳ ತುಂಡು) ಕೂಡ ಇದೆ, ಅದು ಟ್ರಾನ್ಸಿಟ್ ಮೂಲಕ. ಆ /24 ಇದೇ ಬಡಾವಣೆಯದು.

ಹಳೇ_ರೌಟರ್:
ಸಿಕ್ಕಿತು ಬಿಡಿ. ಆ /24 ಯಾಕೆ ಅನೌನ್ಸ್ ಮಾಡಿದಿರಿ (ಬೇರೆ ನೆಟ್‌ವರ್ಕ್‌ಗಳಿಗೆ ಸಾರಿದಿರಿ)?

ತೆಂಗಿನಸೀಮೆ_ಫೈಬರ್:
ಅಯ್ಯೋ. ಎರಡು ತಿಂಗಳ ಹಿಂದೆ ಡಿಡಾಸ್ ದಾಳಿ (ಹಲವು ಕಡೆಯಿಂದ ಒಟ್ಟಿಗೆ ಟ್ರಾಫಿಕ್ ಸುರಿಯುವುದು) ಆಗಿತ್ತು. ಆ /24 ಮಾತ್ರ ಬೇರೆ ಮಾಡಿ ಕಳಿಸಿ ಎಂದಿದ್ದರು ಟ್ರಾನ್ಸಿಟ್‌ನವರು. ತೆಗೆಯುವುದು ಮರೆತೇಹೋಗಿದೆ.

ಹಳೇ_ರೌಟರ್:
ಆಗುತ್ತದೆ, ಎಲ್ಲರಿಗೂ ಆಗುತ್ತದೆ.

ಪ್ಯಾಕೆಟ್ ಸಾಗಿಸುವಾಗ ರೌಟರ್ ನೋಡುವುದು ಹೆಚ್ಚು ನಿಖರವಾದ ರೂಟ್. /24 ಕಂಡರೆ /22 ಕಡೆ ತಿರುಗಿಯೂ ನೋಡುವುದಿಲ್ಲ. ಲೋಕಲ್ ಪ್ರಿಫರೆನ್ಸ್, ಪ್ರಿಪೆಂಡ್ ಎಲ್ಲ ಒಂದೇ ಅಳತೆಯ ರೂಟ್‌ಗಳ ನಡುವಿನ ಜಗಳಕ್ಕೆ ಮಾತ್ರ. ಅದಕ್ಕೇ ನಿಮ್ಮ 3 ಪ್ರಿಪೆಂಡ್ ನೀರಿನಲ್ಲಿ ಹೋಮ.

ಕೆಲವೇ ಸೈಟ್ ಯಾಕೆ? ನಿಮ್ಮ ಆರ್‌ಒಎ (ಈ ವಿಳಾಸಗಳನ್ನು ಯಾವ ಎಎಸ್ ಅನೌನ್ಸ್ ಮಾಡಬಹುದು ಎಂಬ ದಾಖಲೆ) ತೆರೆದು ನೋಡಿ. ಮ್ಯಾಕ್ಸ್ ಲೆಂಗ್ತ್ (ಎಷ್ಟು ಚಿಕ್ಕ ತುಂಡಿನವರೆಗೆ ಅನುಮತಿ) ಬಹುಶಃ 22 ಇರಬೇಕು. ಹಾಗಿದ್ದರೆ ಆರ್‌ಪಿಕೆಐ (ಆ ದಾಖಲೆಯೊಂದಿಗೆ ರೂಟ್ ತಾಳೆ ನೋಡುವ ವ್ಯವಸ್ಥೆ) ಲೆಕ್ಕದಲ್ಲಿ ಆ /24 ಇನ್‌ವ್ಯಾಲಿಡ್. ಅದನ್ನು ಪರೀಕ್ಷಿಸುವ ನೆಟ್‌ವರ್ಕ್‌ಗಳು /24 ಬಿಸಾಕಿ /22 ಹಿಡಿದು ಎಕ್ಸ್‌ಚೇಂಜ್ ಮೂಲಕವೇ ಬರುತ್ತವೆ. ಪರೀಕ್ಷಿಸದವರು /24 ನಂಬಿ ಟ್ರಾನ್ಸಿಟ್ ಸುತ್ತಿ ಬರುತ್ತಾರೆ.

ಇಷ್ಟಕ್ಕೇ ಸೈಟ್ ನಿಲ್ಲಬಾರದು. ಹೋಗುವ ದಾರಿ ಒಂದು, ಬರುವ ದಾರಿ ಒಂದು ಅನ್ನುವುದು ಇಂಟರ್‌ನೆಟ್‌ನಲ್ಲಿ ದಿನನಿತ್ಯದ ಮಾತು. ಕೊಲ್ಲುತ್ತಿರುವುದು ಹೊಸ ರೌಟರ್‌ನ ಫೈರ್‌ವಾಲ್. ಕನೆಕ್ಷನ್ ಸ್ಟೇಟ್ ಇನ್‌ವ್ಯಾಲಿಡ್ (ಶುರುವಾದದ್ದನ್ನೇ ರೌಟರ್ ನೋಡದ ಕನೆಕ್ಷನ್) ಇದ್ದರೆ ಡ್ರಾಪ್ ಅನ್ನುವ ರೂಲ್ ಫಾರ್ವರ್ಡ್ ಚೈನ್‌ನಲ್ಲಿದೆ (ಹಾದುಹೋಗುವ ಟ್ರಾಫಿಕ್‌ನ ರೂಲ್ ಪಟ್ಟಿಯಲ್ಲಿ) ತಾನೇ? ಸಿನ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಹೋದದ್ದು ಎಕ್ಸ್‌ಚೇಂಜ್ ರೌಟರ್‌ನಲ್ಲಿ. ಸಿನ್-ಆ್ಯಕ್ (ಅದಕ್ಕೆ ಉತ್ತರ) ಬಂದದ್ದು ಟ್ರಾನ್ಸಿಟ್ ರೌಟರ್‌ಗೆ. ಅದು ಸಿನ್ ನೋಡೇ ಇಲ್ಲ, "ಯಾರಪ್ಪ ನೀನು" ಎಂದು ಬಾಗಿಲು ಹಾಕುತ್ತದೆ. ಪಿಂಗ್ ಉತ್ತರಕ್ಕೂ ಅದೇ ಗತಿ. ಹಳೆ ರೌಟರ್ ಎರಡೂ ದಾರಿ ತಾನೇ ನೋಡುತ್ತಿದ್ದರಿಂದ ಎರಡು ತಿಂಗಳು ಗೊತ್ತಾಗಲಿಲ್ಲ. (ಇಂಥದ್ದನ್ನೇ ಆರ್‌ಪಿ-ಫಿಲ್ಟರ್ ಸ್ಟ್ರಿಕ್ಟ್ ಕೂಡ ಮಾಡುತ್ತದೆ. ಆಫ್ ಇಟ್ಟದ್ದು ಒಳ್ಳೆಯದಾಯಿತು.)

ಮೊದಲು ಆ ಡ್ರಾಪ್ ರೂಲ್ ನಿಲ್ಲಿಸಿ, ಆಮೇಲೆ /24 ಹಿಂತೆಗೆಯಿರಿ. ಬಾರ್ಡರ್ ರೌಟರ್‌ನಲ್ಲಿ (ಹೊರಗಿನ ನೆಟ್‌ವರ್ಕ್‌ಗೆ ಸೇರಿಸುವುದರಲ್ಲಿ) ಸ್ಟೇಟ್ ನೋಡುವ ಫೈರ್‌ವಾಲ್ ಇಡಲೇಬಾರದು ಅನ್ನುವ ಪೈಕಿ ನಾನು.

ತೆಂಗಿನಸೀಮೆ_ಫೈಬರ್:
ರೂಲ್ ನಿಲ್ಲಿಸಿದ ಕ್ಷಣವೇ ಬ್ಯಾಂಕ್ ಸೈಟ್ ತೆರೆಯಿತು. /24 ತೆಗೆದ ಮೇಲೆ ಗೇಮ್ ಸರ್ವರ್ ಪಿಂಗ್ 38ರಿಂದ 5ಕ್ಕೆ ಇಳಿಯಿತು. ಆರ್‌ಒಎ ನೀವು ಹೇಳಿದಂತೆಯೇ, 22. ಅದನ್ನು 24 ಮಾಡಿಬಿಡಲಾ ಸಾರ್?

ಹಳೇ_ರೌಟರ್:
ಬೇಡ. ಮ್ಯಾಕ್ಸ್ ಲೆಂಗ್ತ್ 24 ಮಾಡಿದರೆ ಬೇರೆಯವರು ನಿಮ್ಮ ಎಎಸ್ ನಂಬರ್ ಮುಂದಿಟ್ಟುಕೊಂಡು /24 ಕದಿಯಲು ದಾರಿ ಆಗುತ್ತದೆ. ಮುಂದೆ ದಾಳಿ ಬಂದು /24 ಬೇಕೇ ಆದರೆ ಅದೊಂದಕ್ಕೇ ಪ್ರತ್ಯೇಕ ಆರ್‌ಒಎ ಮಾಡಿ, ಆಮೇಲೆ ಅನೌನ್ಸ್ ಮಾಡಿ. ಆ 3 ಪ್ರಿಪೆಂಡ್ ತೆಗೆದಿರಾ?

ತೆಂಗಿನಸೀಮೆ_ಫೈಬರ್:
ಇಲ್ಲ! ಈಗಲೇ ತೆಗೆಯುತ್ತೇನೆ.