ಯುಕೆ ಪಿಎಚ್‌ಡಿ: ಹೆಂಡತಿ, ಮಗಳ ವೀಸಾಕ್ಕೆ ಮಾವನವರ ಎಫ್‌ಡಿ ತೋರಿಸಬಹುದೇ?

ಪ್ರಶ್ನೆ:
ಲೀಡ್ಸ್‌ನಲ್ಲಿ ನಾಲ್ಕು ವರ್ಷದ ಪಿಎಚ್‌ಡಿ. ಹೆಂಡತಿ, ಐದು ವರ್ಷದ ಮಗಳು ಜೊತೆಗೇ ಬರ್ತಾರೆ. ನನ್ನ ಖರ್ಚಿಗೆ ಸ್ಟೈಪೆಂಡ್ ಇದೆ. ಅವರಿಬ್ಬರಿಗೆ ಎಷ್ಟು ಹಣ ತೋರಿಸಬೇಕು? ಮಾವನವರ ಎಫ್‌ಡಿ ನಡೆಯುತ್ತಾ?

ಉತ್ತರ 1:
ನಡೆಯಲ್ಲ ಸರ್. ಅವಲಂಬಿತರ ಹಣ ನಿಮ್ಮ ಅಥವಾ ನಿಮ್ಮ ಪತ್ನಿಯ ಹೆಸರಲ್ಲೇ ಇರಬೇಕು. ಲಂಡನ್ನಿನ ಹೊರಗಾದರೆ ತಲೆಗೆ ತಿಂಗಳಿಗೆ 680 ಪೌಂಡ್, ಒಂಬತ್ತು ತಿಂಗಳ ಲೆಕ್ಕ. ಇಬ್ಬರಿಗೆ 12,240. ಸತತ 28 ದಿನ ಬ್ಯಾಲೆನ್ಸ್ ಇದಕ್ಕಿಂತ ಇಳಿಯಬಾರದು. ಒಂದೇ ದಿನ ಇಳಿದರೂ ಎಣಿಕೆ ಮತ್ತೆ ಮೊದಲಿಂದ. ಆ 28 ದಿನ ಮುಗಿದ ಮೇಲೆ 31 ದಿನದೊಳಗೆ ಅರ್ಜಿ ಹಾಕಿ. ಮ್ಯೂಚುವಲ್ ಫಂಡ್, ಷೇರು ಲೆಕ್ಕಕ್ಕಿಲ್ಲ. ರೂಪಾಯಿಯನ್ನು ಅರ್ಜಿ ಹಾಕಿದ ದಿನದ ದರದಲ್ಲಿ ಪೌಂಡಿಗೆ ತಿರುಗಿಸುತ್ತಾರೆ, ಹಾಗಾಗಿ ಸ್ವಲ್ಪ ಹೆಚ್ಚೇ ಇಡಿ.

ಇದಲ್ಲದೆ ಆರೋಗ್ಯ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಶುಲ್ಕ) ವರ್ಷಕ್ಕೆ 776 ಪೌಂಡ್. ಕೋರ್ಸಿನ ನಂತರದ ನಾಲ್ಕು ತಿಂಗಳನ್ನೂ ಅರ್ಧ ವರ್ಷವೆಂದೇ ಹಿಡಿಯುವುದರಿಂದ ನಾಲ್ಕೂವರೆ ವರ್ಷದ ಲೆಕ್ಕವಾಗುತ್ತೆ: ತಲೆಗೆ 3,492, ಮೂವರಿಗೆ 10,476. ಪೂರ್ತಿ ಮುಂಗಡ. ವೀಸಾಕ್ಕೆ ಹಣ ತೋರಿಸುವ ಖಾತೆಯಿಂದಲೇ ಇದಕ್ಕೂ ವಿಮಾನದ ಟಿಕೆಟ್ಟಿಗೂ ಕಟ್ಟಿ ಬ್ಯಾಲೆನ್ಸ್ ಇಳಿಸಿಕೊಳ್ಳುವವರೇ ಹೆಚ್ಚು. ಬೇರೆ ಖಾತೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಮಾವನವರು ಎಫ್‌ಡಿ ಮುರಿಸಿ ನನ್ನ ಖಾತೆಗೆ ಹಾಕಿದರೆ?

ಉತ್ತರ 1:
ಆಗಬಹುದು. ಹಣ ಬಂದ ದಿನದಿಂದ 28 ಎಣಿಸಿ. ಅವರು ಕೊಟ್ಟದ್ದೆಂದು ಒಂದು ಪತ್ರ ಬರೆಸಿಟ್ಟುಕೊಳ್ಳಿ.

ಉತ್ತರ 2:
ದಾಖಲೆ ಕಡೆ ನೋಡಿ. ಮದುವೆಯ ಕರೆಯೋಲೆ, ಫೋಟೋ ಸಾಲದು, ಸಬ್‌ರಿಜಿಸ್ಟ್ರಾರ್ ಕಚೇರಿಯ ವಿವಾಹ ಪ್ರಮಾಣಪತ್ರವೇ ಬೇಕು. ನಮ್ಮಲ್ಲಿ ತೊಂದರೆ ಕೊಡುವುದು ಇನಿಷಿಯಲ್: ಮಗುವಿನ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ‘ಕೆ. ಆರ್.’ ಎಂದಿದ್ದು ಪಾಸ್‌ಪೋರ್ಟಿನಲ್ಲಿ ಪೂರ್ತಿ ಬಿಡಿಸಿ ಬರೆದಿರುತ್ತೆ. ಈಗಲೇ ತಿದ್ದಿಸಿ. ಸಮಯವಿಲ್ಲದಿದ್ದರೆ ಎರಡು ಹೆಸರೂ ಒಬ್ಬರದೇ ಎಂಬ ಅಫಿಡವಿಟ್ ಲಗತ್ತಿಸಿ.

ಮೂವರಿಗೂ ಟಿಬಿ ಪ್ರಮಾಣಪತ್ರ ಬೇಕು, ಅನುಮೋದಿತ ಕ್ಲಿನಿಕ್ಕಿನದೇ ಆಗಬೇಕು, ಆರು ತಿಂಗಳು ಚಾಲ್ತಿ. 11 ವರ್ಷ ತುಂಬದ ಮಕ್ಕಳಿಗೆ ಸಾಮಾನ್ಯವಾಗಿ ಎಕ್ಸ್‌ರೇ ಇಲ್ಲ, ಆದರೆ ಮಗಳನ್ನು ವೈದ್ಯರ ಮುಂದೆ ಕರೆದೊಯ್ಯಲೇಬೇಕು.

ಉತ್ತರ 3:
ಎಂಎಸ್‌ಸಿಗೆ ಹೋಗುವವರು ಇದನ್ನು ಓದಿ ಆಸೆ ಇಟ್ಟುಕೊಳ್ಳಬೇಡಿ. 2024ರ ಜನವರಿ 1ರಂದು ಅಥವಾ ಆಮೇಲೆ ಶುರುವಾದ ಪಾಠ ಪ್ರಧಾನ ಕೋರ್ಸುಗಳಿಗೆ ಕುಟುಂಬ ತರುವಂತಿಲ್ಲ. ಸರ್ಕಾರಿ ವಿದ್ಯಾರ್ಥಿವೇತನದವರಿಗಷ್ಟೇ ವಿನಾಯಿತಿ. ಓದು ಮುಗಿಸಿ ಗ್ರ್ಯಾಜುಯೇಟ್ ವೀಸಾಕ್ಕೆ (ಓದಿನ ನಂತರ ಅಲ್ಲೇ ಉಳಿದು ಕೆಲಸ ಮಾಡುವ ವೀಸಾ) ಬಂದಾಗಲೂ ಹೊಸದಾಗಿ ಕರೆಸಿಕೊಳ್ಳಲಾಗದು. ಏಜೆಂಟರು ಇದನ್ನು ಮುಚ್ಚಿಟ್ಟರೆ ಅವರನ್ನು ಅಲ್ಲಿಗೇ ಬಿಡಿ.

ಉತ್ತರ 4:
ಶಾಲೆಯ ವಿಷಯ: ಸರ್ಕಾರಿ ಶಾಲೆಗೆ ಫೀಸಿಲ್ಲ. ಆಗಸ್ಟ್ 31ರೊಳಗೆ ಐದು ತುಂಬಿದ್ದರೆ ಸೆಪ್ಟೆಂಬರಿನಲ್ಲಿ ನೇರ ಇಯರ್ 1. ಅಲ್ಲಿನ ವಿಳಾಸ ಸಿಕ್ಕ ಕೂಡಲೇ ಕೌನ್ಸಿಲ್‌ಗೆ (ಅಲ್ಲಿನ ಸ್ಥಳೀಯ ಆಡಳಿತ) ಅರ್ಜಿ ಹಾಕಿ. ಮನೆ ಹತ್ತಿರದ ಶಾಲೆ ತುಂಬಿದ್ದರೆ ದೂರದ್ದು ಕೊಡುತ್ತಾರೆ, ಅದಕ್ಕೇ ಮನೆ ಗೊತ್ತುಮಾಡುವ ಮೊದಲೇ ಯಾವ ಶಾಲೆಯಲ್ಲಿ ಸೀಟಿದೆ ಎಂದು ವಿಚಾರಿಸಿ. ನಿಮ್ಮ ಪತ್ನಿ ಪೂರ್ಣಾವಧಿ ಕೆಲಸ ಮಾಡಬಹುದು, ಪ್ರತ್ಯೇಕ ಪರವಾನಗಿ ಬೇಡ.