ಕಣ್ಣು 6/6 ಇದೆ, ಆದರೂ ಪಕ್ಕದ್ದು ಕಾಣಿಸ್ತಿಲ್ಲ

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 46 ವರ್ಷ. ಈಚೆಗೆ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾರೆ. ಬೈಕಲ್ಲಿ ಹೋಗುವಾಗ ಪಕ್ಕಕ್ಕೆ ಬಂದ ಆಟೋ ಕಾಣಿಸಲೇ ಇಲ್ಲವಂತೆ. ಕಣ್ಣು ತೋರಿಸಿದರೆ ಎರಡೂ 6/6, ಕನ್ನಡಕವೇ ಬೇಡ ಎಂದರು. ತಲೆನೋವಿಗೆ ಎಂಆರ್‌ಐ ಮಾಡಿಸಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ 22 ಮಿ.ಮೀ. ಗಡ್ಡೆ ಸಿಕ್ಕಿದೆ. ಕ್ಯಾನ್ಸರಾ? 6/6 ಇದ್ದೂ ಹೀಗಾಗುತ್ತಾ?

ಉತ್ತರ (ಕಣ್ಣಿನ ಡಾಕ್ಟರ್): ಆಗುತ್ತದಮ್ಮ. ಪಿಟ್ಯುಟರಿ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಆ ಭಯ ಬಿಡಿ. ತೊಂದರೆ ಅದು ಕೂತಿರುವ ಜಾಗದ್ದು. ಎರಡೂ ಕಣ್ಣಿನ ನರಗಳು ಸೇರುವ ಕಯಾಸ್ಮ ಇರುವುದು ಪಿಟ್ಯುಟರಿಯಿಂದ ಸುಮಾರು 1 ಸೆಂ.ಮೀ. ಮೇಲೆ. ಗಡ್ಡೆ ಮೇಲಕ್ಕೆ ಬೆಳೆದರೆ ಅಲ್ಲಿ ಅಡ್ಡ ದಾಟುವ ನರದ ಎಳೆಗಳನ್ನು ಒತ್ತುತ್ತದೆ. ಹೊರಪಕ್ಕದ ನೋಟ ಸಾಗುವುದು ಅವುಗಳಲ್ಲೇ. ಹಾಗಾಗಿ ಎಡಗಣ್ಣಿಗೆ ಎಡಪಕ್ಕ, ಬಲಗಣ್ಣಿಗೆ ಬಲಪಕ್ಕ ಮಂಕಾಗುತ್ತದೆ. ಒತ್ತುವುದು ಕೆಳಗಿನಿಂದ ಅಲ್ವಾ, ಸಾಮಾನ್ಯವಾಗಿ ಮೇಲಿನ ಹೊರಮೂಲೆ ಮೊದಲು ಹೋಗುತ್ತದೆ.

ಗೋಡೆಯ ಚಾರ್ಟ್ ಓದಲು ನಡುವಿನ ನೋಟ ಸಾಕು. ಸುಮ್ನೆ ಅಕ್ಷರ ಓದಿಸಿ ಕಳಿಸಿದರೆ ಇದು ಸಿಕ್ಕುವುದಿಲ್ಲ. ಬೇಕಾದ್ದು ಫೀಲ್ಡ್ ಟೆಸ್ಟ್. ಒಂದು ಕಣ್ಣು ಮುಚ್ಚಿ, ಮೆಷಿನ್‌ಗೆ ಗದ್ದ ಊರಿ, ನಡುವಿನ ದೀಪವನ್ನೇ ನೋಡುತ್ತಾ ಸುತ್ತ ಚುಕ್ಕಿ ಮಿನುಗಿದಾಗೆಲ್ಲ ಬಟನ್ ಒತ್ತಬೇಕು. ಬೇಜಾರಿನ ಕೆಲಸ, ನಡುವೆ ತೂಕಡಿಸುವವರೂ ಇದ್ದಾರೆ! ಆದರೂ ಚಿಕಿತ್ಸೆಗೆ ಮುಂಚೆ ಅದನ್ನೂ, ಕಣ್ಣಿನ ಹಿಂಭಾಗದ ನರದ ಪದರ ಅಳೆಯುವ ಒಸಿಟಿ ಸ್ಕ್ಯಾನನ್ನೂ ಮಾಡಿಸಿ. ಅಲ್ಲಿವರೆಗೆ ಬೈಕ್ ಕೀ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ಆಪರೇಷನ್ ಆದಮೇಲೆ ನೋಟ ವಾಪಸ್ ಬರುತ್ತಾ ಮೇಡಂ?

ಉತ್ತರ: ಎಷ್ಟೋ ಜನಕ್ಕೆ ಬರುತ್ತದೆ. ಕೆಲವರಿಗೆ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಸಿಟಿಯಲ್ಲಿ ನರದ ಪದರ ತೆಳುವಾಗಿರದಿದ್ದರೆ ಆಸೆ ಜಾಸ್ತಿ. ಹೆಚ್ಚಾಗಿ ಮೂಗಿನ ಮೂಲಕವೇ ಗಡ್ಡೆ ತೆಗೆಯುತ್ತಾರೆ. ಆದರೆ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಎಷ್ಟಿದೆ ಎಂದು ನೋಡಿದ್ದಾರಾ, ಮೊದಲು ಕೇಳಿ. ಅದನ್ನು ಸುರಿಸುವ ಗಡ್ಡೆಯಾದರೆ ಎಷ್ಟೋ ಸಲ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುತ್ತದೆ, ಆಪರೇಷನ್ ಬೇಕಾಗದೆಯೂ ಇರಬಹುದು.

ಇನ್ನೊಬ್ಬರ ಪ್ರಶ್ನೆ: ನನ್ನದು 6 ಮಿ.ಮೀ. ಗಡ್ಡೆ. ನನ್ನ ಕಣ್ಣಿಗೂ ಹೀಗಾಗುತ್ತಾ?

ಉತ್ತರ: ಅಷ್ಟು ಚಿಕ್ಕದು ಸಾಮಾನ್ಯವಾಗಿ ಕಯಾಸ್ಮದವರೆಗೆ ಮುಟ್ಟುವುದಿಲ್ಲ. ಡಾಕ್ಟರ್ ಹೇಳಿದಾಗ ಎಂಆರ್‌ಐ ತಪ್ಪಿಸಬೇಡಿ, ಅಷ್ಟೇ. ಒಂದು ಮಾತ್ರ ಇಬ್ಬರಿಗೂ ಹೇಳುತ್ತೇನೆ. ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ವಾಂತಿ ಬಂದು, ನೋಟ ಮಂಕಾದರೆ, ಎರಡೆರಡು ಕಂಡರೆ ಅಥವಾ ರೆಪ್ಪೆ ಇಳಿದರೆ ಗಡ್ಡೆಯೊಳಗೆ ರಕ್ತಸ್ರಾವ ಆಗಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ. ಕಣ್ಣಿನ ಕ್ಲಿನಿಕ್‌ಗೂ ಬೇಡ, ನೇರ ನ್ಯೂರೋಸರ್ಜನ್ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.