ಮಗುಗೆ ಟಾಲ್ಕಂ ಪೌಡರ್ ಹಾಕ್ಬಹುದಾ? ಅತ್ತೆ ಹಾಕ್ಲೇಬೇಕು ಅಂತಾರೆ

ಪುಟ್ಟಿಅಮ್ಮ:
ಮಗಳಿಗೆ ಈಗ 4 ತಿಂಗಳು. ನಮ್ಮನೇಲಿ ಎಣ್ಣೆ ಹಚ್ಚಿ ನೀರೆರೆದು ಸಾಂಬ್ರಾಣಿ ಹೊಗೆ ಕೊಟ್ಟಾದ್ಮೇಲೆ ಅತ್ತೆ ಪಫ್ ತಗೊಂಡು ಕತ್ತು, ಕಂಕುಳು, ತೊಡೆಸಂದಿ ಎಲ್ಲಾ ಬೆಳ್ಳಗಾಗೋ ತನಕ ಪೌಡರ್ ಬಡೀತಾರೆ, ರೂಮಲ್ಲೆಲ್ಲಾ ಮಂಜು ಕವಿದಂಗೆ, ಮಗು ಎರಡ್ಮೂರು ಸಲ ಸೀನುತ್ತೆ. ಸಂಜೆ ನೋಡಿದ್ರೆ ಕತ್ತಿನ ಮಡಿಕೇಲಿ ಪೌಡರ್ರು ಹಾಲು ಸೇರಿ ಹಿಟ್ಟು ಕಲಸಿದಂಗೆ ಗಟ್ಟಿಯಾಗಿರುತ್ತೆ, ಒರೆಸಿದ್ರೆ ಕೆಳಗೆ ಕೆಂಪಗೆ. ಕ್ಯಾನ್ಸರ್ ಬರುತ್ತೆ ಅಂತ ಬೇರೆ ವಾಟ್ಸಾಪಲ್ಲಿ ಓದ್ದೆ. ಹೇಳಿದ್ರೆ "ನಿನ್ ಗಂಡನ್ನೂ ಇದನ್ನೇ ಹಾಕಿ ಬೆಳೆಸಿದ್ದು" ಅಂತಾರೆ. ನಿಜ ಏನು?

ಮಲ್ಲಿಗೆಮೊಗ್ಗು:
ನಮಗೂ ಹಾಕಿದ್ರಪ್ಪ, ಬದುಕಿದೀವಿ. ಆದ್ರೆ ನನ್ ಎರಡನೇ ಮಗುಗೆ ಹಾಕ್ಲಿಲ್ಲ, ಡಾಕ್ಟ್ರು ಬೇಡ ಅಂದ್ರು.

ಕಲ್ಲುಮಣ್ಣು:
ನಾನು ಭೂವಿಜ್ಞಾನ ಓದಿದವ್ನು, ಡಾಕ್ಟ್ರಲ್ಲ, ಕಲ್ಲಿನ ಕತೆ ಹೇಳ್ತೀನಿ. ಟಾಲ್ಕ್ ಅಂದ್ರೆ ಮೆಗ್ನೀಸಿಯಂ, ಸಿಲಿಕಾ, ನೀರಿನಂಶ ಸೇರಿರೋ ಖನಿಜ, ಗಟ್ಟಿತನದ ಮೋಸ್ ಅಳತೇಲಿ ಅದಕ್ಕೆ 1, ಅಂದ್ರೆ ಎಲ್ಲಕ್ಕಿಂತ ಮೆದು, ಉಗುರಲ್ಲೇ ಗೀರಬಹುದು. ನಾವು ಸ್ಲೇಟಲ್ಲಿ ಬರೀತಿದ್ವಲ್ಲ ಬಳಪ, ಅದೂ ಇದೇ ಮನೆತನದ್ದು. ಬೇಲೂರು ಹಳೇಬೀಡಿನ ಕಲ್ಲನ್ನೂ ಬಳಪದ ಕಲ್ಲು ಅಂತಾನೇ ಕರೀತೀವಿ, ಅಷ್ಟು ಸೂಕ್ಷ್ಮ ಕೆತ್ತನೆ ಆಗಿದ್ದು ಕಲ್ಲು ಮೆದು ಇದ್ದಿದ್ದಕ್ಕೆ. ಟಾಲ್ಕ್ ಪದರ ಪದರವಾಗಿರುತ್ತೆ, ಒಂದರ ಮೇಲೊಂದು ಜಾರುತ್ತೆ, ಪೌಡರ್ ಹಾಕ್ದಾಗ ನುಣ್ಣಗೆ ಅನ್ಸೋದು ಅದಕ್ಕೇ. ಕಾಂಪ್ಯಾಕ್ಟ್, ಐಶ್ಯಾಡೋ, ಮಾತ್ರೆ, ಪೇಂಟ್ ಎಲ್ಲದ್ರಲ್ಲೂ ಇರುತ್ತೆ. ನಮ್ ದೇಶದಲ್ಲಿ ಹೆಚ್ಚಾಗಿ ರಾಜಸ್ಥಾನದ ಗಣಿಗಳಿಂದ ಬರೋದು.

ತೊಂದ್ರೆ ಇರೋದು ಅದರ ನೆರೆಹೊರೆಯವ್ರಿಂದ. ಭೂಮಿ ಒಳಗೆ ಕೆಲವು ಕಡೆ ಟಾಲ್ಕ್ ಪಕ್ಕದಲ್ಲೇ ಆಸ್ಬೆಸ್ಟಾಸ್ ಇರುತ್ತೆ, ಅಗೆಯೋವಾಗ ಬೆರೆತ್ರೆ ಕಣ್ಣಿಗೆ ಕಾಣಲ್ಲ, ಮೈಕ್ರೋಸ್ಕೋಪಲ್ಲೇ ನೋಡ್ಬೇಕು. ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಬರೀ ಟಾಲ್ಕ್ ವಿಷ್ಯ ಅಷ್ಟು ಖಚಿತ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2024ರಲ್ಲಿ ಅದನ್ನ "ಬಹುಶಃ ಕ್ಯಾನ್ಸರ್‌ಕಾರಕ" ಅನ್ನೋ 2ಎ ಗುಂಪಿಗೆ ಹಾಕ್ತು. ಕುರಿಮಾಂಸದಂಥ ಕೆಂಪು ಮಾಂಸಾನೂ ಅದೇ ಗುಂಪಲ್ಲಿದೆ, ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಅಂತ ಹೇಳುತ್ತೆ ಹೊರತು ಅಪಾಯ ಎಷ್ಟು ದೊಡ್ಡದು ಅಂತಲ್ಲ. ಜಾನ್ಸನ್ ಅಂಡ್ ಜಾನ್ಸನ್ ಮಾತ್ರ ನಮ್ಮದು ಸೇಫು ಅಂತ ಹೇಳ್ತಾನೇ 2020ರಲ್ಲಿ ಅಮೆರಿಕ, ಕೆನಡಾದಲ್ಲೂ 2023ರಲ್ಲಿ ಉಳಿದ ಕಡೆನೂ ಟಾಲ್ಕ್ ಬೇಬಿ ಪೌಡರ್ ನಿಲ್ಲಿಸಿ ಕಾರ್ನ್‌ಸ್ಟಾರ್ಚಿಗೆ ಬಂತು.

ಮೆಡಿಕಲ್‌ಸ್ಟೋರ್ ಅಣ್ಣ:
ಕ್ಯಾನ್ಸರ್ ಆಮೇಲೆ ನೋಡಣ ಸಿಸ್ಟರ್, ಮೊದ್ಲು ಆ ಮಂಜು ನಿಲ್ಸಿ. ಟಾಲ್ಕ್ ಪುಡಿ ಶ್ವಾಸಕೋಶಕ್ಕೆ ಹೋದ್ರೆ ಕರಗಲ್ಲ. ಮಗು ಕೈಗೆ ಡಬ್ಬಿ ಕೊಟ್ಟು ಅದು ಮುಖದ ಮೇಲೆ ಸುರ್ಕೊಂಡು ಉಸಿರು ಕಟ್ಟಿ ಆಸ್ಪತ್ರೆಗೆ ಓಡಿರೋರು ಇದಾರೆ. ಕಾರ್ನ್‌ಸ್ಟಾರ್ಚ್ ಪೌಡರ್ ಆದ್ರೂ ಧೂಳು ಧೂಳೇ. ಇನ್ನೊಂದು, ಟಾಲ್ಕ್ ನೀರು ಹೀರೋದ್ರಲ್ಲಿ ಏನೂ ಜಾಣ ಅಲ್ಲ, ನೀವು ಹೇಳಿದ ಹಿಟ್ಟು ಅದೇ, ಮಡಿಕೇಲಿ ಕೂತು ಉಜ್ಜುತ್ತೆ. ಮೆತ್ತನೆ ಕಾಟನ್ ಬಟ್ಟೇಲಿ ಒತ್ತಿ ಒತ್ತಿ ತೇವ ತೆಗೀರಿ, ಸ್ವಲ್ಪ ಹೊತ್ತು ಗಾಳಿ ಆಡ್ಲಿ, ಸಾಕು. ಡೈಪರ್ ಜಾಗ ಕೆಂಪಾಗಿದ್ರೆ ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ ಹಚ್ಚಿ, ಅದೂ ಖನಿಜದ್ದೇ, ಆದ್ರೆ ಕ್ರೀಮಾಗಿರೋದ್ರಿಂದ ಮೂಗಿಗೆ ಹಾರಲ್ಲ, ಒದ್ದೆ ಚರ್ಮಕ್ಕೆ ತಾಗ್ದಂಗೆ ತಡೆಯುತ್ತೆ. ಎರಡ್ಮೂರು ದಿನದಲ್ಲಿ ಕಡಿಮೆ ಆಗ್ದಿದ್ರೆ ಡಾಕ್ಟ್ರಿಗೆ ತೋರ್ಸಿ, ಫಂಗಸ್ ಇರ್ಬಹುದು. ಬೆವರುಸಾಲೆ ಪೌಡರ್ ಅಂತೂ ಹಾಕ್ಲೇಬೇಡಿ, ಕೆಲವದ್ರಲ್ಲಿ ಬೋರಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್ ಇರುತ್ತೆ. ಸಾಂಬ್ರಾಣಿ ಹೊಗೇನೂ ಬೇಡ, ನೀವು ಕೇಳಿಲ್ಲ, ಆದ್ರೂ ಹೇಳ್ದೆ.

ಮಲ್ಲಿಗೆಮೊಗ್ಗು:
ಸಾಂಬ್ರಾಣಿಗೂ ಕೈ ಹಾಕಿದ್ರಾ ಅಣ್ಣ, ಈಗ ಯುದ್ಧಾನೇ 😄

ಪುಟ್ಟಿಅಮ್ಮ:
ಥ್ಯಾಂಕ್ಸ್ ಎಲ್ರಿಗೂ. ಕಲ್ಲುಮಣ್ಣು ಅವ್ರೆ, ಅತ್ತೆಗೆ ಕ್ಯಾನ್ಸರ್ ಗುಂಪು ಗಿಂಪು ಏನೂ ಹೇಳ್ಲಿಲ್ಲ, ಇದು ಬಳಪ ಕುಟ್ಟಿದ ಪುಡಿ ಥರ ಅಂತ ಅಷ್ಟೇ ಅಂದೆ. ಡಬ್ಬಿ ತಿರುಗ್ಸಿ ನೋಡಿ "ಬಳಪಾನಾ? ನಿನ್ ಗಂಡ ಚಿಕ್ಕೋನಿದ್ದಾಗ ಬಳಪ ತಿಂದು ಏಟು ತಿಂದಿದ್ದ" ಅಂದ್ರು. ಇವತ್ತು ಕತ್ತಿಗೆ ಹಾಕ್ಲಿಲ್ಲ. ಕೆನ್ನೆಗೆ ಮಾತ್ರ ಒಂಚೂರು, ದೃಷ್ಟಿಬೊಟ್ಟಿನ ಪಕ್ಕ. ಸಾಂಬ್ರಾಣಿ ಮಾತು ಇನ್ನೂ ಎತ್ತಿಲ್ಲ.